ಹಸಿರು ಟ್ಯಾಂಕರಿನ ನೂರೈವತ್ತು ನಿಮಿಷ

ಮೂರನೆಯ ಏಟಿಗೆ ಸಿದ್ದಲಿಂಗಯ್ಯನ ಕನ್ನಡಕ ಹಾರಿ ಕೆಸರಿಗೆ ಬಿತ್ತು. ನಾಲ್ಕನೆಯದಕ್ಕೆ ಕಿವಿಯ ಹಿಂದೆ ಚರ್ಮ ಸೀಳಿ ರಕ್ತ ಕಾಲರಿಗಿಳಿಯಿತು.

ಹೊಡೆಯುತ್ತಿದ್ದವನು ಯಜಮಾನ ವಿಠ್ಠಲ ಸೆಲೋಕರ. ನಾಗಪುರದ ಹೊರಗಿನ ವಾಡಿಯಲ್ಲಿ ಟ್ಯಾಂಕರ್ ತೊಳೆಯುವ ಆ ಯಾರ್ಡು ಅವನದೇ. ಹನ್ನೊಂದರ ಬಿಸಿಲಿನಲ್ಲಿ, ಅಂಗಳದ ನಡುವೆ, ನೀರಿನ ರಬ್ಬರ್ ಪೈಪನ್ನು ಎರಡು ಮಡಿಕೆ ಮಾಡಿ ಹಿಡಿದಿದ್ದ. ಅವನೆದುರು ಮಂಡಿಯೂರಿದ್ದ ಸಿದ್ದಲಿಂಗಯ್ಯ ಅರವತ್ತಮೂರು ವರ್ಷದ ಬಾಯ್ಲರ್ ಆಪರೇಟರ್. ಸುತ್ತ ಇಪ್ಪತ್ತು ಜನ ಕೆಲಸಗಾರರಿದ್ದರು, ಸರದಿಗೆ ಕಾದಿದ್ದ ಡ್ರೈವರುಗಳಿದ್ದರು. ಒಬ್ಬನೂ ಮಿಸುಕಲಿಲ್ಲ.

"ಸಾಂಗ್, ಮ್ಹಾತಾರ್ಯಾ!" ಸೆಲೋಕರ ಮರಾಠಿಯಲ್ಲಿ ಅಬ್ಬರಿಸಿದ. "ಹೇಳು ಮುದುಕಾ! ಮೂರು ದಿನದಿಂದ ನನ್ನ ಬಾಗಿಲಿಗೆ ಪೊಲೀಸರು ಬರ್ತಿದ್ದಾರೆ. ಸ್ಟೀಮಿನ ವಾಲ್ವ್ ಇರೋದು ನಿನ್ನ ಕೈಯಲ್ಲಿ. ಬಿಟ್ಟವನು ನೀನಲ್ಲದೆ ಇನ್ಯಾರು?"

ಐದನೆಯ ಏಟು ಸಿದ್ದಲಿಂಗಯ್ಯನಿಗೆ ಬೀಳಲಿಲ್ಲ. ಗೇಟಿನಿಂದ ಓಡಿ ಬಂದ ಸುಲೋಚನಾ ನಡುವೆ ನುಗ್ಗಿದ್ದಳು. ಪೈಪು ಅವಳ ಎಡಭುಜಕ್ಕೆ ಅಪ್ಪಳಿಸಿತು. ಕಣ್ಣಿಗೆ ಕತ್ತಲೆ ಕವಿದರೂ ಅವಳು ನಿಂತ ಜಾಗ ಬಿಡಲಿಲ್ಲ.

"ಇನ್ನೊಂದು ಹೊಡೀರಿ ಸೆಲೋಕರ್ ಸಾಬ್," ಎಂದಳು ಹಿಂದಿಯಲ್ಲಿ. "ಇನ್ಸ್‌ಪೆಕ್ಟರ್ ಲಾಂಜೇವಾರ ಅರ್ಧ ಗಂಟೆಯಲ್ಲಿ ಬರ್ತಾರೆ. ತೋರಿಸೋಕೆ ಹಸಿ ಗುರುತು ಇರಲಿ."

ಸೆಲೋಕರನ ಕೈ ಗಾಳಿಯಲ್ಲೇ ನಿಂತಿತು. ಅವನು ಪೈಪನ್ನು ನೆಲಕ್ಕೆ ಬಿಸುಟು, ಉಗುಳಿ, ಕಚೇರಿಯ ಕಡೆ ಹೊರಟುಹೋದ.

ಸುಲೋಚನಾ ಬಾಗಲಕೋಟೆಯವಳು, ವಯಸ್ಸು ಐವತ್ತೆರಡು. ಸರಕಾರಿ ಕಲ್ಲಿದ್ದಲು ಕಂಪನಿಯಲ್ಲಿ ಇಪ್ಪತ್ತೈದು ವರ್ಷ ವೆಚ್ಚದ ಲೆಕ್ಕ ನೋಡಿ, ಸ್ವಯಂನಿವೃತ್ತಿ ಪಡೆದು, ನಾಗಪುರದ ಬಜಾಜ್ ನಗರದಲ್ಲಿ ಎರಡು ಕೋಣೆಯ ಸಲಹಾ ಕಚೇರಿ ತೆರೆದಿದ್ದಳು. ಮೂರು ದಿನದ ಹಿಂದೆ ಇದೇ ಯಾರ್ಡಿನಲ್ಲಿ, ಟ್ಯಾಂಕರೊಂದರ ಹೊಟ್ಟೆಯೊಳಗೆ ಬೆಂದು ಹೆಣವಾಗಿ ಸಿಕ್ಕ ಇಂಜಿನಿಯರ್ ಶ್ರೀಹರ್ಷ ಅವಳ ಸಹಾಯಕ. ಬರುವ ತಿಂಗಳು ಅವಳ ಅಳಿಯನಾಗಬೇಕಾಗಿದ್ದವನು. ಅವನನ್ನು ಈ ಯಾರ್ಡಿನ ಲಾಭ-ನಷ್ಟ ಅಳೆಯಲು ಕಳಿಸಿದವಳು ಅವಳೇ.

ಮುದುಕನ ಅಜಾಗರೂಕತೆಯಿಂದ ಆದ ಅವಘಡವೆಂದು ಎಲ್ಲರೂ ನಂಬಿದ್ದರು. ಸುಲೋಚನಾ ನಂಬಿರಲಿಲ್ಲ.

ಕೈಚೀಲದಲ್ಲಿ ಫೋನು ರಿಂಗಾಯಿತು. ಗೇಟಿನಾಚೆ ಕಾರಿನಲ್ಲಿ ಕೂತಿದ್ದ ಮಗಳು ಶರ್ವಾಣಿ, ಕಚೇರಿಯ ಫೋನು, ಕಾಗದಪತ್ರ ನೋಡಿಕೊಳ್ಳುವವಳು.

"ಅವ್ವಾ, ಕಾಯ್ ಝಾಲಂ? ಏನು ಗದ್ದಲ ಅದು? ನಾ ಒಳಗ ಬರ್ಲೇನು?"

"ಬ್ಯಾಡವಾ. ಕಾರಿನ್ಯಾಗ ಇರು."

ಶರ್ವಾಣಿಯ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಶ್ರೀಹರ್ಷನ ಹೆಣ ನೋಡಿದಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿಲ್ಲ. ದುಃಖ ಒಳಗೇ ಹೆಪ್ಪುಗಟ್ಟಿದೆ ಎಂದುಕೊಂಡಿದ್ದ ಸುಲೋಚನಾಗೆ ಮಗಳನ್ನು ಮಾತಾಡಿಸುವುದಕ್ಕೂ ಅಂಜಿಕೆಯಾಗಿತ್ತು.

*

ಬಾಯ್ಲರ್ ಕೋಣೆಯಲ್ಲಿ ಸುಲೋಚನಾ ತನ್ನ ಕರವಸ್ತ್ರವನ್ನು ಒದ್ದೆ ಮಾಡಿ ಸಿದ್ದಲಿಂಗಯ್ಯನ ಕಿವಿಗೆ ಒತ್ತಿದಳು.

"ಕಾಕಾ, ಮೊದಲ ನೀರು ಕುಡೀರಿ."

"ನಾ ಬಿಟ್ಟಿಲ್ಲರಿ ಬಾಯಾರ." ಮುದುಕನ ತುಟಿ ಊದಿತ್ತು. "ಕೋರಾಡಿ ಪವರ್ ಹೌಸಿನ್ಯಾಗ ಮೂವತ್ತೊಂದು ವರ್ಷ ಬಾಯ್ಲರ್ ಮುಂದ ನಿಂತೀನ್ರಿ. ಒಳಗ ಮನಷ್ಯಾ ಅದಾನೋ ಇಲ್ಲೋ ನೋಡದ ವಾಲ್ವ್ ಮುಟ್ಟೂ ಕೈ ಅಲ್ಲರಿ ಇದು."

"ಗೊತ್ತೈತಿ. ಅದಕ್ಕ ನಿಮ್ಮ ಕಡೆ ಬಂದೀನಿ. ಆವತ್ತಿನ ಚಾರ್ಟ್ ಎಲ್ಲೈತಿ?"

ಗೋಡೆಯ ಮೇಲೊಂದು ಯಂತ್ರವಿತ್ತು. ಅದರೊಳಗೆ ತಟ್ಟೆಯಷ್ಟಗಲದ ದುಂಡು ಕಾಗದ ನಿಧಾನಕ್ಕೆ ತಿರುಗುತ್ತದೆ, ಪೆನ್ನೊಂದು ಬಾಯ್ಲರಿನ ಒತ್ತಡ ಬರೆಯುತ್ತ ಹೋಗುತ್ತದೆ. ಸ್ಟೀಮ್ ಎಳೆದಾಗಲೆಲ್ಲ ಗೆರೆ ಕುಸಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ದಿನಕ್ಕೊಂದು ಕಾಗದ.

ಸಿದ್ದಲಿಂಗಯ್ಯ ಹಾಸಿಗೆಯ ಸುರುಳಿಯೊಳಗೆ ಕೈ ಹಾಕಿ ಆ ದಿನದ ಕಾಗದ ತೆಗೆದುಕೊಟ್ಟ.

"ಯಾರಿಗೂ ಯಾಕ ತೋರಿಸ್ಲಿಲ್ಲ?"

"ಎಲ್ಲಾರೂ ಬೈದ್ರರಿ. ಯಾರೂ ಕೇಳ್ಲಿಲ್ಲ."

ಸುಲೋಚನಾ ಫೋನು ತೆರೆದಳು. ಸಾಯುವ ಹಿಂದಿನ ಸಂಜೆ ಶ್ರೀಹರ್ಷ ತನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿದ್ದ. ಸ್ಟಾಪ್‌ವಾಚ್ ಹಿಡಿದು ಹದಿನೈದು ದಿನ ಸ್ಟೀಮ್ ಶೆಡ್ಡಿನ ಬಾಯಲ್ಲಿ ಕೂತು ಬರೆದದ್ದು. ಯಾವ ಟ್ಯಾಂಕರು ಎಷ್ಟಕ್ಕೆ ಒಳಹೊಕ್ಕಿತು, ಎಷ್ಟು ನಿಮಿಷ ನಿಂತಿತು, ಎಲ್ಲ ಅದರಲ್ಲಿತ್ತು.

ಈ ಯಾರ್ಡಿನಲ್ಲಿ ನೀರಿನಿಂದ ಜಾಲಾಡುವ ಜಾಗ ಮೂರು, ಒಣಗಿಸುವ ಜಾಗ ಎರಡು. ಸ್ಟೀಮ್ ಶೆಡ್ಡು ಮಾತ್ರ ಒಂದೇ. ಪ್ರತಿ ಟ್ಯಾಂಕರೂ ಆ ಒಂದು ಇಕ್ಕಟ್ಟಿನ ಬಾಯಿ ದಾಟಲೇಬೇಕು. ಬೇರೆ ಕಡೆ ಅರ್ಧ ಗಂಟೆ ಕೆಲಸ ನಿಂತರೆ ಏನೂ ಕೆಡುವುದಿಲ್ಲ. ಅಲ್ಲಿ ನಿಂತರೆ ಇಡೀ ಯಾರ್ಡೇ ನಿಂತ ಹಾಗೆ. ಅದಕ್ಕೇ ಶ್ರೀಹರ್ಷ ಮೊದಲ ವಾರವೇ ಒಂದು ನಿಯಮ ತಂದಿದ್ದ: ಊಟದ ಹೊತ್ತಿಗೂ ಸ್ಟೀಮ್ ಶೆಡ್ಡು ಮುಚ್ಚಬಾರದು, ಜನ ಸರದಿಯ ಮೇಲೆ ಉಣ್ಣಬೇಕು.

ಸುಲೋಚನಾಳ ಬೆರಳು ದುಂಡು ಕಾಗದದ ಮೇಲೆ ಹರಿದು ಒಂದು ಕಡೆ ನಿಂತಿತು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಗೆರೆ ಕಡಿದಾಗಿ ಕುಸಿದು, ಒಂದು ಇಪ್ಪತ್ತೊಂದಕ್ಕೆ ಮೇಲೆದ್ದಿತ್ತು.

ಅದು ಹನ್ನೊಂದು ನಿಮಿಷದ ಸ್ಟೀಮು. ಯಾವ ಟ್ಯಾಂಕರಿಗೂ ಹನ್ನೊಂದು ನಿಮಿಷ ಕೊಡುವ ರೂಢಿಯಿಲ್ಲ. ಯಾರ್ಡಿನ ರಿಜಿಸ್ಟರಿನಲ್ಲೂ ಅದು ಬರೆದಿರಲಿಲ್ಲ.

"ಈ ಹೊತ್ತಿಗೆ ವಾಲ್ವಿನ ಮುಂದ ಯಾರಿದ್ರು ಕಾಕಾ?"

ಸಿದ್ದಲಿಂಗಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮ್ಯಾನೇಜರ್ ಗಿರಿಧರ ಸಾಹೇಬ್ರು. 'ನೀವು ಊಟ ಮಾಡಿ, ನಾನು ನೋಡ್ಕೋತೀನಿ' ಅಂದ್ರು. ಒಂದೂ ನಲವತ್ತಕ್ಕ ಡ್ರೈವರ್ ಮುಚ್ಚಳ ತಗದು ಒದರ್ಯಾಡಿದ. ನಾ ಓಡಿ ಹೋಗಿ ನೋಡಿದ್ನಿರಿ. ಚರ್ಮ ಅನ್ನೂದು ಅಂಗಿ ಜೋಡಿ ಬರ್ತಿತ್ತು..."

ಅವನು ಕಣ್ಣು ಮುಚ್ಚಿದ. ಗೋಡೆಯ ಕಡೆ ಮುಖ ತಿರುಗಿಸಿದ ಸುಲೋಚನಾಳ ಕಣ್ಣು ಯಂತ್ರದ ಮೇಲೆ ಬಿತ್ತು. ಈ ಹೊತ್ತಿನ ಕಾಗದದಲ್ಲೂ ಪೆನ್ನು ಕೆಳಗೇ ಇತ್ತು. ಒಂಬತ್ತಕ್ಕೆ ಕುಸಿದದ್ದು ಇನ್ನೂ ಮೇಲೆದ್ದಿರಲಿಲ್ಲ.

ಅವಳು ಗಡಿಯಾರ ನೋಡಿದಳು. ಹನ್ನೊಂದು ಹದಿನೈದು. ಆಗಲೇ ನೂರ ಮೂವತ್ತೈದು ನಿಮಿಷ.

"ಈಗ ಶೆಡ್ಡಿನ್ಯಾಗ ಯಾವ ಟ್ಯಾಂಕರ್ ಐತಿ?"

"ಹಸಿರದು ರಿ. ಆ ಅಡಿಗಿ ಎಣ್ಣಿ ಗಿರಾಕಿದು. ಅವರವು ಎರಡು ಅಲ್ಲೇನ್ರಿ. ಒಂದನ್ನ ಪೊಲೀಸ್ರು ಒಯ್ದ್ರು. ಉಳದದ್ದು ಇವತ್ತ ಬಂತು."

ಶ್ರೀಹರ್ಷ ಸಿಕ್ಕಿದ್ದು ಹಸಿರು ಟ್ಯಾಂಕರಿನಲ್ಲೇ. ಅದರಲ್ಲಿ ಏನಿತ್ತೆಂದು ಪ್ರಯೋಗಾಲಯದ ವರದಿ ಇನ್ನೂ ಬರಬೇಕು. ಅಷ್ಟರಲ್ಲಿ ಇದರ ಜೋಡಿ ಟ್ಯಾಂಕರನ್ನು ಯಾರೋ ತುರ್ತಾಗಿ ಬೇಯಿಸಿ ತೊಳೆಯುತ್ತಿದ್ದಾರೆ. ಹಸಿರು ಟ್ಯಾಂಕರು ಶೆಡ್ಡಿನಲ್ಲಿ ನೂರೈವತ್ತು ನಿಮಿಷ ನಿಲ್ಲುತ್ತದೆಂದು ಶ್ರೀಹರ್ಷ ಬರೆದಿದ್ದ. ಇನ್ನು ಹದಿನೈದು ನಿಮಿಷ ಕಳೆದರೆ ಒಳಗೆ ಒಂದು ಹನಿ ಪುರಾವೆಯೂ ಉಳಿಯುವುದಿಲ್ಲ.

"ಬಂದ್ ಮಾಡ್ರಿ ಕಾಕಾ. ಈಗಿಂದೀಗ."

"ಹೆಂಗ್ ಮಾಡ್ಲಿರಿ?" ಸಿದ್ದಲಿಂಗಯ್ಯ ತೋರಿಸಿದ. ದೊಡ್ಡ ವಾಲ್ವಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದಿತ್ತು. "ಮುಂಜಾನಿ ಸಾಹೇಬ್ರ ಹಾಕಿ ಹೋದ್ರು. ಕೀಲಿ ಅವರ ಕಿಸೇದಾಗ ಐತಿ. ಬೆಂಕಿ ಆರಿಸಿದ್ರೂ ಒಳಗಿನ ಒತ್ತಡ ಅರ್ಧ ತಾಸು ಹಂಗ ಇರತೈತಿ."

"ಸರಪಳಿ ಒಡೀರಿ."

"ಮಾಲಕರು ಕೊಂದ ಹಾಕ್ತಾರಿ ನನ್ನ!"

ಸುಲೋಚನಾ ಚಾರ್ಟನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಿಕೊಂಡಳು. ಲಾಂಜೇವಾರನಿಗೆ 'ತಕ್ಷಣ ಬನ್ನಿ' ಎಂದು ಮೆಸೇಜು ಹಾಕಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀಮ್ ಶೆಡ್ಡಿನ ಕಡೆ ನಡೆದಳು.

*

ಎರಡೂ ಕಡೆ ಕಬ್ಬಿಣದ ಶಟರಿದ್ದ ತಗಡಿನ ಶೆಡ್ಡು ಅದು. ನಡುವೆ ಹಸಿರು ಟ್ಯಾಂಕರು ನಿಂತಿತ್ತು. ಮೇಲಿನ ಮುಚ್ಚಳದಿಂದ ಬಿಳಿಯ ಆವಿ ಭುಸುಗುಟ್ಟುತ್ತಿತ್ತು, ಕೆಳಗಿನ ನಲ್ಲಿಯಿಂದ ಹಳದಿ ನೀರು ಸೋರಿ ಚರಂಡಿಗೆ ಹೋಗುತ್ತಿತ್ತು. ಆ ನೀರಿನ ವಾಸನೆ ಮೂಗಿಗೆ ಬಡಿದದ್ದೇ ಸುಲೋಚನಾಗೆ ಅರ್ಥವಾಯಿತು. ವಿದರ್ಭದಲ್ಲಿ ಇಷ್ಟು ವರ್ಷ ಬಾಳಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಹತ್ತಿಯ ಹೊಲಕ್ಕೆ ಹೊಡೆಯುವ ಔಷಧದ ವಾಸನೆ.

ಗಿರಿಧರ ಟ್ಯಾಂಕರಿನ ಪಕ್ಕದಲ್ಲಿ ಒಬ್ಬನೇ ನಿಂತಿದ್ದ. ಬೆಂಗಳೂರಿನಿಂದ ಬಂದು ನಾಲ್ಕು ವರ್ಷವಾಗಿತ್ತು. ಸದಾ ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ಈ ಶಾಖದಲ್ಲಿ ಯಾಕ್ ಬಂದ್ರಿ ಮೇಡಂ? ಆಫೀಸಲ್ಲಿ ಕೂತ್ಕೊಳ್ಳಿ, ಬರ್ತೀನಿ."

"ಸ್ಟೀಮ್ ಬಂದ್ ಮಾಡ್ರಿ ಗಿರಿಧರ್."

"ಇನ್ನು ಹತ್ತೇ ನಿಮಿಷ."

"ಅಡಿಗಿ ಎಣ್ಣಿ ಟ್ಯಾಂಕರಿಗೆ ಎರಡೂವರೆ ತಾಸು ಯಾಕ್ ಬೇಕ್ರಿ? ಬ್ಯಾರೆಯವರ ಎಣ್ಣಿ ಟ್ಯಾಂಕರು ನಲವತ್ತು ನಿಮಿಷಕ್ಕ ಸ್ವಚ್ಛ ಆಗ್ತಾವಲ್ಲ."

ಗಿರಿಧರ ನಕ್ಕ. "ನಮಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಕೊಡೋ ಗಿರಾಕಿ ಮೇಡಂ ಅವರು. ಪುಸ್ತಕ ನೋಡಿದೀರಲ್ಲ. ಹಳೇ ರೇಟಲ್ಲೇ ಆರು ಸಾವಿರ ಬಿಲ್ಲು. ಬಾಯ್ಲರಿನ ಡೀಸೆಲ್ಲು, ತೊಳೆಯೋ ಸೋಡಾ, ಬಾಡಿಗೆ, ಸಂಬಳ ಎಲ್ಲ ಕಳೆದ್ರೂ ಒಂದು ಟ್ಯಾಂಕರಿಗೆ ಎರಡು ಸಾವಿರದ ಏಳ್ನೂರು ಉಳಿಯುತ್ತೆ. ಬೇರೆಯವರದ್ರಲ್ಲಿ ಒಂಬೈನೂರು ಉಳಿದ್ರೆ ಹೆಚ್ಚು."

"ಪುಸ್ತಕದಾಗ ಟ್ಯಾಂಕರಿಗೆ ಎಷ್ಟು ಅಂತ ಬರದೀರಿ. ಈ ಶೆಡ್ಡಿನ ಒಂದು ನಿಮಿಷಕ್ಕ ಎಷ್ಟು ಅಂತ ಎಲ್ಲಿ ಬರದೀರಿ?"

ಅವನ ಕಣ್ಣು ಟ್ಯಾಂಕರಿನ ಮುಚ್ಚಳದ ಕಡೆ ಹೋಯಿತು.

"ಬಾಡಿಗಿ, ಪಗಾರ ಟ್ಯಾಂಕರ್ ಬಂದ್ರೂ ಕೊಡ್ತೀರಿ, ಬರದಿದ್ರೂ ಕೊಡ್ತೀರಿ. ಅದನ್ನ ಬದಿಗಿಡ್ರಿ. ಸಾದಾ ಟ್ಯಾಂಕರಿನ ಬಿಲ್ಲು ಎರಡು ಸಾವಿರದ ನಾನೂರು. ಡೀಸೆಲ್, ಸೋಡಾ ಆರುನೂರು ಕಳದ್ರ ಉಳಿಯೂದು ಹದಿನೆಂಟುನೂರು. ಶೆಡ್ಡಿನ್ಯಾಗ ನಿಲ್ಲೂದು ಮೂವತ್ತು ನಿಮಿಷ. ನಿಮಿಷಕ್ಕ ಅರವತ್ತು ರೂಪಾಯಿ. ಹಸಿರು ಟ್ಯಾಂಕರಿನ ಆರು ಸಾವಿರದಾಗ ಎರಡು ಸಾವಿರದ ನಾನೂರು ಡೀಸೆಲ್, ಸೋಡಾಕ್ಕ ಹೋಗತೈತಿ. ಉಳಿಯೂದು ಮೂರು ಸಾವಿರದ ಆರುನೂರು. ನಿಲ್ಲೂದು ನೂರೈವತ್ತು ನಿಮಿಷ. ನಿಮಿಷಕ್ಕ ಎಷ್ಟಾತು?"

ಗಿರಿಧರನ ಹಣೆಯ ಮೇಲೆ ಬೆವರು ಸಾಲಿಟ್ಟಿತ್ತು.

"ಇಪ್ಪತ್ನಾಕು," ಎಂದಳು ಸುಲೋಚನಾ. "ಈ ಯಾರ್ಡಿನ ಎಲ್ಲಕಿಂತ ಕೆಟ್ಟ ಗಿರಾಕಿ ಇದು. ದಿನಾ ಎರಡು ಬಂದ್ರ ಶೆಡ್ಡಿನ ಅರ್ಧ ದಿನ ನುಂಗತಾವ. ಹೊರಗ ಸಾಲು ನಿಂತ ಟ್ಯಾಂಕರು ಹಂಗ ತಿರುಗಿ ಹೋಗತಾವ. ಇಷ್ಟಾದ್ರೂ ನೀವು ಇವನ್ನ ಸರದಿ ಮುರದು ಮೊದಲ ಬಿಡ್ತೀರಿ."

"ಶ್ರೀಹರ್ಷ ಇದೇ ಲೆಕ್ಕ ಹೇಳ್ದ. ರೇಟು ಏರಿಸಿದ್ವಲ್ಲ."

"ಏರಿಸಿದ್ರಿ. ನಿಮಿಷಕ್ಕ ಅರವತ್ತು ಬೀಳಬೇಕಂದ್ರ ಹನ್ನೊಂದು ಸಾವಿರದ ನಾನೂರು ಆಗತೈತಿ ಅಂತ ಅವನ ಬರದ ಕೊಟ್ಟ. ಗಿರಾಕಿ ಬಿಟ್ಟು ಹೋಗ್ಲಿ ಅಂತ ಹೇಳಿದ ರೇಟು ಅದು. ಅವರೇನು ಮಾಡಿದ್ರು? ಮರುದಿನಾನ ಒಪ್ಪಿದ್ರು. ಒಂದು ರೂಪಾಯಿ ಚೌಕಾಸಿ ಇಲ್ಲ."

ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ನಾ ಗಾಂಧಿಬಾಗಿನ ಎಣ್ಣಿ ಪೇಟ್ಯಾಗ ಕೇಳಿ ಬಂದೀನಿ. ಟ್ಯಾಂಕರ್ ತೊಳಿಯಾಕ ಮೂರು ಸಾವಿರಕಿಂತ ಹೆಚ್ಚು ಕೊಡೂ ಮಗಾ ಅಲ್ಲಿ ಯಾರೂ ಇಲ್ಲ. ಅಷ್ಟು ದುಡ್ಡು ಕೊಟ್ಟು ತೊಳಸಾಂವ ಎಣ್ಣಿ ತೊಳಸಂಗಿಲ್ಲ, ತನ್ನ ಪಾಪ ತೊಳಸತಾನ. ಹೋಗೂವಾಗ ಹೊಲದ ವಿಷ, ಬರೂವಾಗ ಮಂದಿ ತಿನ್ನೂ ಎಣ್ಣಿ. ಹೌದಲ್ಲೋ? ಸಂಶಯ ಬಂದು ಶ್ರೀಹರ್ಷ ಸ್ಟೀಮ್ ಬಿಡೂಕಿಂತ ಮೊದಲ ಟ್ಯಾಂಕರಿನೊಳಗ ಇಳದು ನೋಡಾಕ ಹ್ವಾದ. ಒಂದೂ ಹತ್ತಕ್ಕ ವಾಲ್ವಿನ ಮುಂದ ನೀ ಇದ್ದಿ. ಹನ್ನೊಂದು ನಿಮಿಷ ಬಿಟ್ಟಿ. ಚಾರ್ಟ್ ನನ್ನ ಕಡೆ ಐತಿ."

ಗಿರಿಧರನ ಮುಖದ ಮೆತ್ತಗಿನ ಕಳೆ ಅಳಿಸಿಹೋಯಿತು. ಅವನು ಅವಳನ್ನು ನೋಡಿದ ರೀತಿಯಲ್ಲಿ ಭಯಕ್ಕಿಂತ ಹೇಸಿಗೆ ಹೆಚ್ಚಿತ್ತು.

"ಸಾಕು ಮೇಡಂ ನಾಟಕ," ಎಂದ. "ಮಾಡು ಅನ್ನೋದೂ ನೀವೇ, ಆಮೇಲೆ ಬಂದು ಲೆಕ್ಕ ಕೇಳೋದೂ ನೀವೇನಾ? ನನ್ನೊಬ್ಬನ ತಲೆಗೆ ಕಟ್ಟಿ ಹೋಗೋಣ ಅಂತ ಬಂದ್ರಾ?"

"ಏನಂದಿ?"

ಅವನು ಹಿಂದಕ್ಕೆ ಜಿಗಿದು ಶಟರಿನ ಸರಪಳಿ ಎಳೆದ. ಕಬ್ಬಿಣದ ಶಟರು ಗಡಗಡನೆ ಇಳಿದು ನೆಲಕ್ಕೆ ಅಪ್ಪಳಿಸಿತು. ಆಚೆಯ ಶಟರು ಮೊದಲೇ ಮುಚ್ಚಿತ್ತು.

ಟ್ಯಾಂಕರಿನ ಹೊರಮೈ ತೊಳೆಯುವ ಇನ್ನೊಂದು ಸ್ಟೀಮ್ ಪೈಪು ಗೋಡೆಯ ಕೊಕ್ಕೆಯಲ್ಲಿತ್ತು. ಉದ್ದನೆಯ ಕಬ್ಬಿಣದ ನಳಿಗೆ, ಹಿಡಿಗೆ ಮರದ ಪಟ್ಟಿ. ಗಿರಿಧರ ಅದನ್ನು ಕಿತ್ತುಕೊಂಡು ಗುಂಡಿ ಒತ್ತಿದ.

ಬಿಳಿಯ ಆವಿ ಸೀಟಿ ಹಾಕಿಕೊಂಡು ನುಗ್ಗಿತು. ಸುಲೋಚನಾ ಮುಖ ತಿರುಗಿಸಿ ಕೈ ಅಡ್ಡ ಹಿಡಿದಳು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಯಾರೋ ಚರ್ಮ ಸುಲಿದ ಹಾಗಾಯಿತು. ಬಾಯಿಂದ ಹೊರಟ ಚೀತ್ಕಾರ ತನ್ನದೇ ಎಂದು ಅವಳಿಗೆ ತಿಳಿಯಲಿಲ್ಲ. ನೆಲಕ್ಕೆ ಬಿದ್ದು, ಉರುಳಿ, ಟ್ಯಾಂಕರಿನ ಹೊಟ್ಟೆಯಡಿ ಸರಿದಳು.

"ಹೊರಗೆ ಬನ್ನಿ ಮೇಡಂ." ಗಿರಿಧರ ಬಗ್ಗಿ ನಳಿಗೆಯನ್ನು ಚಕ್ರಗಳ ನಡುವೆ ತೂರಿಸಿದ. ಆವಿ ಟೈರಿಗೆ ಬಡಿದು ರಬ್ಬರು ಕಮರಿದ ವಾಸನೆ ಬಂತು. ಅವಳ ಕಾಲಿನ ಬಳಿಯ ನೀರು ಕುದಿದು ಚಿಮ್ಮಿತು. ಉಸಿರೆಳೆದರೆ ಗಂಟಲು ಸುಡುತ್ತಿತ್ತು. ಶೆಡ್ಡು ತುಂಬ ಬಿಳಿ ಮಬ್ಬು, ಏನೂ ಕಾಣದು. ಅವನ ಬೂಟುಗಳ ಸದ್ದು ಮಾತ್ರ ಕೇಳುತ್ತಿತ್ತು.

ಶ್ರೀಹರ್ಷನೂ ಹೀಗೇ ಉಸಿರು ಕಟ್ಟಿ ಒದ್ದಾಡಿದನೇ? ಆ ಯೋಚನೆ ಬಂದದ್ದೇ ತಡ, ಅವಳೊಳಗಿನ ಭಯ ಸಿಟ್ಟಾಗಿ ತಿರುಗಿತು.

ಎಡಗೈಗೆ ಏನೋ ಗಟ್ಟಿಯಾಗಿ ತಾಕಿತು. ಚಕ್ರದ ನಟ್ಟು ಬಿಚ್ಚುವ ಕಬ್ಬಿಣದ ಪಾನಾ, ಒಂದೂವರೆ ಅಡಿ ಉದ್ದ. ಬೂಟುಗಳು ಹತ್ತಿರ ಬಂದವು. ಅವಳು ಇದ್ದ ಬಲವನ್ನೆಲ್ಲ ಕೂಡಿಸಿ ಬೀಸಿದಳು. ಮೊಣಕಾಲಿನ ಮೂಳೆ ಲಟಕ್ಕೆಂದಿತು.

ಗಿರಿಧರ ಕಿರುಚಿ ಮಂಡಿಯೂರಿದ, ಆದರೆ ನಳಿಗೆ ಬಿಡಲಿಲ್ಲ. ಇನ್ನೊಂದು ಕೈಯಿಂದ ಅವಳ ಕೂದಲು ಹಿಡಿದು ಹೊರಕ್ಕೆಳೆದು, ನಳಿಗೆಯ ಬಾಯಿಯನ್ನು ಮುಖದ ಕಡೆ ತಿರುಗಿಸಿದ.

ಅಷ್ಟರಲ್ಲಿ ಗೋಡೆಯಾಚೆಯಿಂದ ಸದ್ದು ಕೇಳಿತು. ಠಣ್. ಠಣ್. ಕಬ್ಬಿಣದ ಮೇಲೆ ಸುತ್ತಿಗೆ. ಮೂರನೆಯ ಏಟಿಗೆ ಸರಪಳಿ ಕಳಚಿ ಬಿದ್ದ ಸಪ್ಪಳ. ಆಮೇಲೆ ಚಕ್ರ ಕಿರ್ರೆಂದು ತಿರುಗಿತು.

ನಳಿಗೆಯ ಸೀಟಿ ಇಳಿಯಿತು. ಬಿರುಸಿನ ಆವಿ ಮೆದುವಾಗಿ, ಕಡೆಗೆ ಬಿಸಿನೀರಿನ ನಾಲ್ಕು ಹನಿ ತೊಟ್ಟಿಕ್ಕಿತು. ಗಿರಿಧರ ಗುಂಡಿಯನ್ನು ಒತ್ತೇ ಒತ್ತಿದ. ಏನೂ ಬರಲಿಲ್ಲ.

ಸುಲೋಚನಾ ಪಾನಾವನ್ನು ಅವನ ಮಣಿಕಟ್ಟಿನ ಮೇಲೆ ಇಳಿಸಿದಳು. ಅವನು ಹಿಂದಕ್ಕೆ ಬಿದ್ದ. ಕೆನ್ನೆ ಗೋಡೆಯ ಸುಡುವ ಸ್ಟೀಮ್ ಪೈಪಿಗೆ ಅಂಟಿಕೊಂಡಿತು. ಆಗ ಅವನು ಕೂಗಿದ ಕೂಗು ಅಮರಾವತಿ ರಸ್ತೆಯ ಲಾರಿಗಳ ಸದ್ದನ್ನೂ ಮೀರಿ ಹೊರಗಿನವರಿಗೆ ಕೇಳಿಸಿತು.

*

ಶಟರು ಎತ್ತಿ ಒಳನುಗ್ಗಿದವರು ಡ್ರೈವರುಗಳು. ಅವರಿಗೆ ಕಂಡದ್ದು ಸುಟ್ಟ ಕೈಯ ಹೆಂಗಸು, ಎದುರಿಗೆ ನಳಿಗೆಯ ಪಕ್ಕ ಬಿದ್ದವನು. ಯಾರೂ ಏನೂ ಕೇಳಲಿಲ್ಲ. ಗಿರಿಧರನನ್ನು ಕಾಲು ಹಿಡಿದು ಅಂಗಳಕ್ಕೆ ಎಳೆದರು. ಚಪ್ಪಲಿ, ಬೆಲ್ಟು, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಸೆಲೋಕರ ಓಡಿ ಬಂದು, ನಡೆದದ್ದನ್ನು ಕೇಳಿ, ಅದೇ ರಬ್ಬರ್ ಪೈಪನ್ನು ಈಗ ಮ್ಯಾನೇಜರನ ಬೆನ್ನ ಮೇಲೆ ಆಡಿಸಿದ. ಅಷ್ಟು ಜೋರಾಗಿ ಹೊಡೆದು ಅವನು ಮ್ಯಾನೇಜರನ ಬಾಯಿ ಮುಚ್ಚಿಸಲು ನೋಡುತ್ತಿದ್ದಾನೆಂದು ಸುಲೋಚನಾಗೆ ಅನ್ನಿಸಿತು.

"ಕೊಲ್ಲಬೇಡಿ!" ಅವಳು ಹಿಂದಿಯಲ್ಲಿ ಕಿರುಚಿದಳು. "ಇವನ ಬಾಯಿ ಬೇಕು ನನಗೆ!"

ಇನ್ಸ್‌ಪೆಕ್ಟರ್ ಲಾಂಜೇವಾರನ ಜೀಪು ಬಂದಾಗಲೇ ಗುಂಪು ಚೆದುರಿದ್ದು. ಲಾಂಜೇವಾರ ದಪ್ಪ ಮೀಸೆಯ, ಅವಸರವಿಲ್ಲದ ಮನುಷ್ಯ. ಟ್ಯಾಂಕರಿನಿಂದ ಸೋರುತ್ತಿದ್ದ ನೀರನ್ನು ಬಾಟಲಿಗೆ ಹಿಡಿಸಿದ, ಗಿರಿಧರನಿಗೆ ಬೇಡಿ ಹಾಕಿಸಿದ. ಆಮೇಲೆ ಸುಲೋಚನಾಳನ್ನು ನೆರಳಿಗೆ ಕರೆದು ಕೂರಿಸಿದ.

"ಸುಲೋಚನಾತಾಯಿ," ಎಂದ ಮರಾಠಿಯಲ್ಲಿ, "ಎರಡೂ ವರದಿ ಬಂದಿವೆ. ಟ್ಯಾಂಕರಿನಲ್ಲಿದ್ದದ್ದು ಕೀಟನಾಶಕ. ನಿಮ್ಮ ಲೆಕ್ಕ ಸರಿ."

"ಇನ್ನೊಂದು?"

"ಪೋಸ್ಟ್‌ಮಾರ್ಟಂ." ಅವನು ಮಡಿಸಿದ ಕಾಗದ ಬಿಡಿಸಿದ. "ಶ್ರೀಹರ್ಷನ ಶ್ವಾಸನಾಳದಲ್ಲಿ ಸುಟ್ಟ ಗಾಯವೇ ಇಲ್ಲ. ಆವಿ ಬಿಟ್ಟಾಗ ಅವನು ಉಸಿರಾಡ್ತಿರಲಿಲ್ಲ. ತಲೆಬುರುಡೆ ಹಿಂಭಾಗದಲ್ಲಿ ಒಡೆದಿದೆ. ಸ್ಟೀಮಿಗೂ ಮೊದಲೇ ಯಾರೋ ಕೊಂದಿದ್ದಾರೆ."

ಸುಲೋಚನಾ ಎದ್ದಳು. ಕೈ ಧಗಧಗಿಸುತ್ತಿತ್ತು. ಸಿದ್ದಲಿಂಗಯ್ಯ ಆಸರೆಯಾಗಿ ಬಂದ. ಅವನ ಅಂಗೈಗಳೆರಡೂ ಸುತ್ತಿಗೆಯ ಹಿಡಿತಕ್ಕೆ ಒಡೆದು ರಕ್ತವಾಗಿದ್ದವು. ಜೀಪಿಗೆ ಒರಗಿಸಿ ಕೂರಿಸಿದ್ದ ಗಿರಿಧರನ ಮುಂದೆ ಅವಳು ಕುಳಿತಳು.

"ಹೊಡದಾಂವ ಯಾರು?" ಎಂದು ಕನ್ನಡದಲ್ಲೇ ಕೇಳಿದಳು.

ಗಿರಿಧರನ ಒಂದು ಕಣ್ಣು ಮುಚ್ಚಿಹೋಗಿತ್ತು. ಕೆನ್ನೆಯ ಚರ್ಮ ಜೋತು ಬಿದ್ದಿತ್ತು.

"ದೇವ್ರಾಣೆ ಗೊತ್ತಿಲ್ಲ. ನಾನು ಮೇಲೆ ಹತ್ತಿ ಬಗ್ಗಿ ನೋಡಿದಾಗ ಒಳಗೆ ಬಿದ್ದಿದ್ದ. ಕರೆದೆ, ಅಲುಗಾಡ್ಲಿಲ್ಲ. ತಲೆ ಸುತ್ತ ರಕ್ತ ಮಡುಗಟ್ಟಿತ್ತು."

"ಒಳಗ ಅದಾನ ಅಂತ ನಿನಗ ಹೆಂಗ್ ಗೊತ್ತಾತು?"

"ನೀವು ಕೇಳ್ತೀರಾ ಅದನ್ನ?" ಅವನು ರಕ್ತ ಉಗುಳಿದ. "ಒಂದು ಐದಕ್ಕೆ ಫೋನ್ ಬಂತು. ನಿಮ್ಮ ಬಜಾಜ್ ನಗರದ ಆಫೀಸಿನ ಲ್ಯಾಂಡ್‌ಲೈನಿಂದ. ನನ್ನ ಮೊಬೈಲಲ್ಲಿ ಇನ್ನೂ ಇದೆ, ನೋಡಿಸ್ಕೊಳ್ಳಿ. ಹೆಂಗಸು. ಕನ್ನಡದಲ್ಲೇ ಮಾತಾಡಿದ್ಲು. ಶ್ರೀಹರ್ಷ ಹಸಿರು ಟ್ಯಾಂಕರೊಳಗೆ ಬಿದ್ದಿದ್ದಾನೆ, ಪೊಲೀಸ್ರು ಬಂದು ಹೆಣ ನೋಡಿದ್ರೆ ನಿನ್ನ ಟ್ಯಾಂಕರಿನ ಗುಟ್ಟೂ ಹೊರಗೆ ಬರುತ್ತೆ, ಸ್ಟೀಮ್ ಬಿಡು, ಅವಘಡ ಅಂದ್ಕೋತಾರೆ ಅಂದ್ಲು. ನೀವೇ ಅವಳ ಕೈಲಿ ಹೇಳಿಸಿದೀರಿ ಅಂತ ತಿಳ್ಕೊಂಡೆ. ನಿಮ್ಮ ಆಫೀಸಲ್ಲವಾ ಅದು?"

ಸುಲೋಚನಾ ಆ ದಿನವನ್ನು ಗಂಟೆ ಗಂಟೆಯಾಗಿ ಲೆಕ್ಕ ಹಾಕಿದಳು.

ಆ ದಿನ ಒಂದು ಗಂಟೆಗೆ ಅವಳು ಗಾಂಧಿಬಾಗಿನ ಎಣ್ಣೆ ಪೇಟೆಯಲ್ಲಿದ್ದಳು. ಶ್ರೀಹರ್ಷ ಯಾರ್ಡಿನಲ್ಲಿದ್ದ. ಕಚೇರಿಯಲ್ಲಿ ಇರುವುದು ಮೂರೇ ಮೇಜು. ಆ ಕಚೇರಿಯ ಬೀಗದ ಕೈ ಇರುವುದೂ ಮೂವರ ಬಳಿಯೇ.

"ಅವ್ವಾ!"

ಗೇಟಿನ ಕಡೆಯಿಂದ ಶರ್ವಾಣಿ ನೀರಿನ ಬಾಟಲಿ ಹಿಡಿದು ಓಡಿ ಬಂದಳು. ಬಂದವಳೇ ಮಂಡಿಯೂರಿ, ತನ್ನ ದುಪಟ್ಟಾವನ್ನು ನೀರಲ್ಲಿ ನೆನೆಸಿ, ತಾಯಿಯ ಸುಟ್ಟ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಕೈ ಸಡಿಲ ಬಿಡು, ಜಲ್ದಿ. ಇದನ್ನ ಸುತ್ತಿ ದವಾಖಾನಿಗೆ ಹೋಗೂಣು, ಚಲೋ."

ಜೀಪಿಗೆ ಒರಗಿದ್ದ ಗಿರಿಧರ ಥಟ್ಟನೆ ತಲೆಯೆತ್ತಿದ. ಉಳಿದ ಒಂದು ಕಣ್ಣು ಶರ್ವಾಣಿಯ ಮೇಲೆ ನೆಟ್ಟಿತು.

"ಇದೇ ದನಿ," ಎಂದ.

ಸಿದ್ದಲಿಂಗಯ್ಯ ಬೆಚ್ಚಿ ಸುಲೋಚನಾಳನ್ನು ನೋಡಿ, ಆಮೇಲೆ ನೆಲ ನೋಡಿದ.

ಶರ್ವಾಣಿ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಗಂಟು ಹಾಕುವಾಗ ಎಷ್ಟು ಬಿಗಿದಳೆಂದರೆ ಸುಲೋಚನಾಳ ಕಣ್ಣಲ್ಲಿ ನೀರು ಬಂತು.

"ಏನೂ ಮಾತಾಡಬ್ಯಾಡ ಅವ್ವಾ," ಎಂದಳು ಮಗಳು, ತುಟಿ ಅಲುಗಾಡಿಸದಂತೆ.

ಲಾಂಜೇವಾರ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ.

"ಸುಲೋಚನಾತಾಯಿ," ಎಂದು ಮರಾಠಿಯಲ್ಲಿ ಕೇಳಿದ, "ಈಗ ಏನಂದ ಇವನು?"